ಹೊಳೆದಂಡೆಗೆ ಟ್ರಾಮು ತಂದ ವಿರೂಪಾಕ್ಷಪ್ಪ

ಯಲಬುರ್ಗಾದ ವಿರೂಪಾಕ್ಷಪ್ಪನವರನ್ನು ಜನರು ‘ಟ್ರಾಮಪ್ಪ’ ಎಂದು ಕರೆಯುತ್ತಿದ್ದರು. ಎದುರಿಗೆ ಕರೆದರೂ ಅವರು ಸಿಟ್ಟಾಗುತ್ತಿರಲಿಲ್ಲ. ಹರೆಯದಲ್ಲಿ ತಂದೆಯ ಜೊತೆ ಅರಳೆ ಮಾರಲು ಮುಂಬಯಿಗೆ ಹೋಗಿದ್ದಾಗ ಅವರು ಮೊದಲ ಸಲ ಟ್ರಾಮು ಗಾಡಿಯನ್ನು ಹತ್ತಿದರು. ತಂದೆ ಅರಳೆಯ ಧಾರಣೆ ವಿಚಾರಿಸುತ್ತ ಕುಳಿತಾಗ ಮಗ ಅದೇ ಗಾಡಿಯಲ್ಲಿ ಹೋಗುವುದು, ಬರುವುದು, ಮತ್ತೆ ಹೋಗುವುದು!

“ಏನ್ ನೋಡಿದ್ಯೋ ದಿನಾ ಪೂರ್ತಿ?” ಎಂದು ತಂದೆ ಕೇಳಿದರು.

“ಮಂದಿ ಎಲ್ಲಿ ಹತ್ತತಾರ, ಎಲ್ಲಿ ಇಳೀತಾರ ಅಂತ ನೋಡಿದೆ.”

“ಮತ್ತ ಸಮುದ್ರ?”

“ಗಾಡಿ ಅದರ ದಂಡಿಗುಂಟನ ಹೋಗತಿತ್ತು. ಅಲ್ಲೇ ಎಲ್ಲೋ ಇದ್ದಿರಬೇಕು.”

ಇಂಥ ಮಗನು ಅಂಗಡಿಯ ಗಲ್ಲೆಯ ಮುಂದೆ ಕೂಡುವುದಾದರೂ ಹೇಗೆ? ಹೈದರಾಬಾದಿಗೆ ಹೋಗಿ ಅಳತೆಯ ವಿದ್ಯೆ ಕಲಿತು ಓವರ್ಸಿಯರ್ ಆದರು. ಮುನಿರಾಬಾದಿನ ಹತ್ತಿರ ಹೊಳೆಗೆ ಆಣೆಕಟ್ಟು ಕಟ್ಟುವ ಕೆಲಸ ಹತ್ತಿದಾಗ ಅಲ್ಲಿಗೇ ಬಂದರು.

ಜಾಲಿ, ಬಂಡೆಗಳನ್ನು ಬಿಟ್ಟರೆ ಬೇರೇನೂ ಇಲ್ಲದ ಆ ದಂಡೆಯ ಮೇಲೆ ವರ್ಷ ತುಂಬುವುದರೊಳಗೆ ಒಂದು ಪಟ್ಟಣವೇ ಎದ್ದಿತು. ಕುಷ್ಟಗಿ, ಯಲಬುರ್ಗಾ ಕಡೆಯ ಎರೆನೆಲದ ಒಕ್ಕಲಿಗರು ಸುಗ್ಗಿ ಮುಗಿಸಿಕೊಂಡು ಕೂಲಿಗೆ ಬಂದು ಗುಡಿಸಲು ಹಾಕಿದರು. ಆಚೆ ದಂಡೆಯವರು ಹರಗೋಲು ಏರಿ ಘಟ್ಟಕ್ಕೆ ಬಂದಿಳಿದರು. ಗಂಡಸರು ಕೋಳಿ ಕೂಗುವ ಹೊತ್ತಿಗೆ ಕಟ್ಟೆಯ ಕೆಲಸಕ್ಕೆ ಹೊರಟರೆ, ಹೆಂಗಸರು ರೊಟ್ಟಿ ಬಡಿದು, ಬುತ್ತಿ ಕಟ್ಟಿ, ಬಿಸಿಲೇರಿದ ಮೇಲೆ ಹೊರಡುವರು. ಕಾದ ಬಂಡೆಯ ಮೇಲೆ ಹರದಾರಿ ನಡೆದು ಹೋಗಿ, ಗಂಡಂದಿರಿಗೆ ಉಣ್ಣಲಿಕ್ಕಿ, ಬಳಿಕ ತಾವೂ ಕಲ್ಲು ಹೊರಬೇಕು. ಅವರ ಅಂಗಾಲುಗಳನ್ನು ನೋಡಿದಾಗಲೇ ವಿರೂಪಾಕ್ಷಪ್ಪನವರ ತಲೆಯಲ್ಲಿ ಮುಂಬಯಿಯ ಗಾಡಿ ಮತ್ತೆ ಓಡಲು ಹತ್ತಿತು.

ಕಲ್ಲು ಸಾಗಿಸಲು ಅಲ್ಲಿ ಸಣ್ಣ ಹಳಿಗಳಿದ್ದವು. ಎತ್ತುಗಳು ಅವುಗಳ ಮೇಲೆ ಟ್ರಾಲಿ ಎಳೆಯುತ್ತಿದ್ದವು. ಉಳಿದು ಬಿದ್ದಿದ್ದ ಹಳಿಗಳನ್ನೂ ಒಂದು ಟ್ರಾಲಿಯನ್ನೂ ಒಂದು ಜೋಡಿ ಎತ್ತುಗಳನ್ನೂ ಅವರು ಹೈದರಾಬಾದಿನಿಂದ ಬಂದಿದ್ದ ದೊಡ್ಡ ಎಂಜಿನಿಯರ ಸಾಹೇಬರ ಹತ್ತಿರ ಬೇಡಿದರು.

ಸಾಹೇಬರು ನಕ್ಕರು. “ಕೊಡ್ತೀನಿ. ಮಗರ್, ಖಾಲಿ ಗಾಡಿ ನನಗೆ ಪಸಂದಿಲ್ಲ. ಗಾಡಿ ಶುರುವಾದ ಮೇಲೆ ಮೊದಲ್ನೇ ಸಂತಿಗೆ ನೋಡ್ಲಿಕ್ಕೆ ಬರ್ತೀನಿ. ತುಂಬಿರಬೇಕು. ಇಲ್ಲಾಂದ್ರೆ ಹಳಿ ಕಿತ್ತು ಕಲ್ಲಿನ ಕೆಲಸಕ್ಕೆ ಹಾಕಿಸ್ತೀನಿ.”

“ತುಂಬತೈತ್ರಿ ಸಾಹೇಬ್ರ,” ಎಂದರು ವಿರೂಪಾಕ್ಷಪ್ಪ. ಅನುಮಾನವೆಂಬುದು ಅವರ ದನಿಯಲ್ಲಿ ಇರಲಿಲ್ಲ.

ನಕ್ಷೆ ಬರೆಯುವ ಮೊದಲು ಅವರು ದಂಡೆಯಲ್ಲಿ ಅಡ್ಡಾಡಿದರು. ಮುನಿರಾಬಾದಿನ ರೈಲು ಸ್ಟೇಷನ್ನಿನಿಂದ ಕಟ್ಟೆಗೆ ನೆಟ್ಟಗೆ ಹೋದರೆ ಹಾದಿ ಹತ್ತಿರವಾಗುತ್ತಿತ್ತು. ಆದರೆ ಜನರು ತುಳಿದು ಸವೆಸಿದ ಕಾಲುದಾರಿ ಬೇರೆಯಾಗಿತ್ತು. ಅದು ಗುಡಿಸಲುಗಳನ್ನು ಬಳಸಿ, ಹರಗೋಲಿನ ಘಟ್ಟವನ್ನು ಮುಟ್ಟಿ, ಆಮೇಲೆ ಕಟ್ಟೆಗೆ ತಿರುಗುತ್ತಿತ್ತು. ಹಳಿಯನ್ನು ಆ ಕಾಲುದಾರಿಯ ಮೇಲೆಯೇ ಹಾಕಿಸಿದರು. ಟ್ರಾಲಿಗೆ ಎದುರುಬದುರು ಹಲಗೆಗಳನ್ನು ಹೊಡೆಸಿ, ಮೇಲೆ ಗೋಣಿತಟ್ಟಿನ ಚಾವಣಿ ಕಟ್ಟಿಸಿದರು. ಎಷ್ಟು ಮಂದಿ ಹಿಡಿದಾರು ಎಂಬುದನ್ನು ಸೋಮವಾರ ಪರೀಕ್ಷಿಸಿದರು. ಅಂದು ನಮ್ಮ ಕಡೆ ಎತ್ತು ಹೂಡುವುದಿಲ್ಲ. ಆದ್ದರಿಂದ ಗಾಡಿಯನ್ನು ನಿಂತಲ್ಲೇ ನಿಲ್ಲಿಸಿ, ಸುಮ್ಮನೆ ಕುಳಿತಿದ್ದ ಗೌಂಡಿಗಳನ್ನು ಕರೆದು ಕೂಡಿಸಿದರು. ಹದಿನಾರು ಮಂದಿ ಆರಾಮವಾಗಿ ಹಿಡಿದರು.

ಮರುದಿನ ಎಂಟು ಹೆಂಗಸರಿಗೇ ಗಾಡಿಯ ಜಾಗ ಮುಗಿಯಿತು.

ಸೋಮವಾರ ಬರಿಗೈಯಲ್ಲಿ ಕುಳಿತ ಗೌಂಡಿಗಳೆಲ್ಲಿ, ಬುತ್ತಿ ಹೊತ್ತ ಹೆಂಗಸರೆಲ್ಲಿ! ಬುತ್ತಿಯ ಬುಟ್ಟಿ ಮೊಳದಗಲ. ತೊಡೆಯ ಮೇಲಿಟ್ಟರೆ ಪಕ್ಕದವಳ ಜಾಗಕ್ಕೂ ಚಾಚುವುದು. ತಲೆಯ ಮೇಲಿಟ್ಟರೆ ಚಾವಣಿಗೆ ತಾಗುವುದು.

ಎತ್ತು ಹೊಡೆಯುವ ಜಿಲಾನಸಾಬ, “ಕಾಲ ಬುಡಕ ಇಡ್ರೆವ್ವಾ, ಇನ್ನೂ ಮಂದಿ ಹತ್ತಲಿ,” ಎಂದ.

ಕುಷ್ಟಗಿ ಕಡೆಯ ಕರಿಯವ್ವ ತಿರುಗಿ ಬಿದ್ದಳು. “ಉಣ್ಣೋ ರೊಟ್ಟಿ ಕಾಲ ಬುಡಕ ಇಡ್ಲ್ಯಾ? ಮೊದಲ ನಿನ್ನ ಟೊಪಿಗಿ ಇಟ್ಟು ತೋರ್ಸೋ ಸಾಬಣ್ಣಾ!”

ಗಾಡಿಗೆ ಗಾಡಿಯೇ ನಕ್ಕಿತು. ಉಳಿದ ಹೆಂಗಸರು ನಡೆದೇ ಹೋದರು.

ವಿರೂಪಾಕ್ಷಪ್ಪನವರು ತಮ್ಮ ತಪ್ಪನ್ನು ಕೂಡಲೇ ಒಪ್ಪಿಕೊಂಡರು. “ತಲಿ ಎಣಿಸಿದೆ, ಬುತ್ತಿ ಎಣಿಸಲಿಲ್ಲ ನೋಡು ಜಿಲಾನಾ. ನನ್ನ ತಾಯಿ ಹೊಲಕ್ಕ ಬುತ್ತಿ ಹೊತ್ತಾಕಿ, ಮಗ ಮರತಾನ!” ಎಂದು ನಕ್ಕು, ಗಾಡಿಯ ಹಿಂಬದಿಗೆ ಒಂದು ಅಗಲವಾದ ಹಲಗೆ ಹೊಡೆಸಿದರು.

ಅದರಿಂದ ಕೆಲಸ ಇನ್ನೂ ಕೆಟ್ಟಿತು. ಹಲಗೆಯ ಮೇಲೆ ಒಬ್ಬರ ಬುತ್ತಿ ಇನ್ನೊಬ್ಬರದಕ್ಕೆ ತಾಗತೊಡಗಿತು. ಪಕ್ಕದಲ್ಲಿ ಕೂಡಲು ಯಾರದೂ ತಕರಾರಿಲ್ಲ; ಒಂದು ಜಾತಿಯವರ ಬುತ್ತಿಗೆ ಇನ್ನೊಂದು ಜಾತಿಯವರ ಬುತ್ತಿ ಮುಟ್ಟಬಾರದು, ಅಷ್ಟೆ. ಆ ಕಾಲದ ನಡೆಯೇ ಹಾಗಿತ್ತು. ಅದನ್ನು ತಿದ್ದಲು ತಲೆಮಾರುಗಳು ಬೇಕಾದವು. ವಿರೂಪಾಕ್ಷಪ್ಪನವರಿಗೆ ಇದ್ದದ್ದು ಸಂತೆಯವರೆಗಿನ ಗಡುವು. ಮರುದಿನ ಗಾಡಿಯಲ್ಲಿ ನಾಲ್ಕೇ ಮಂದಿ. ಕಲ್ಲಿನ ಗುತ್ತಿಗೆದಾರರ ಆಳುಗಳು ಆಗಲೇ ಬಂದು ಹಳಿಗಳ ಮೇಲೆ ಕಣ್ಣಾಡಿಸಿ ಹೋದರು.

ಬುತ್ತಿ ಹೊತ್ತು ನಡೆದು ಹೊರಟಿದ್ದ ಕರಿಯವ್ವನನ್ನು ವಿರೂಪಾಕ್ಷಪ್ಪನವರು ಹಾದಿಯಲ್ಲಿ ತಡೆದರು. “ಯವ್ವಾ, ತೊಡಿ ಮ್ಯಾಲ ಜಾಗಿಲ್ಲ, ಕಾಲ ಬುಡಕ ಒಲ್ಲಿ, ಹಲಗಿ ಮ್ಯಾಲ ಒಲ್ಲಿ. ಮತ್ತ ಆಕಾಶದಾಗ ತೂಗ್ಹಾಕ್ಲೇನು?”

“ಹಾಕ್ರೆಲ್ಲ, ಯಾರ್ ಬ್ಯಾಡಂದಾರ? ನಾವು ಮನ್ಯಾಗ ಬೆಕ್ಕಿನ ಬಾಯಿಗೆ ಸಿಗಬಾರದಂತ ನೆಲುವಿನ್ಯಾಗ ತೂಗ್ಹಾಕೂದಿಲ್ಲೇನು? ಮುಂಬೈ ಟ್ರಾಮು ಕಂಡ ಕಣ್ಣಿಗೆ ಮನ್ಯಾಗಿನ ನೆಲುವು ಕಾಣವಲ್ದು!”

ಆಕೆ ಅಂದದ್ದು ಚೇಷ್ಟೆಗೆ. ಅವರು ಮಾತ್ರ ಅಲ್ಲಿಂದ ನೇರವಾಗಿ ಕಮ್ಮಾರನ ಬಳಿಗೆ ನಡೆದರು. ಚಾವಣಿಯ ಗಳುಗಳನ್ನು ಎತ್ತರಿಸಿ, ಎರಡೂ ಅಂಚಿಗೆ ಸಾಲಾಗಿ ಕೊಕ್ಕೆಗಳನ್ನು ಹೊಡೆಸಿದರು. ಒಂದು ಬುಟ್ಟಿ ತೂಗಿದರೂ ಇನ್ನೊಂದಕ್ಕೆ ತಾಗದಷ್ಟು ನಡುವೆ ತೆರಪು. ಬಳಿಕ ಗುಡಿಸಲುಗಳ ನಡುವೆ ನಿಂತು ಕೂಗಿ ಹೇಳಿದರು: “ಕೊಕ್ಕಿ ನಂದು, ನೆಲುವು ನಿಮ್ದು! ನಿಮ್ಮ ಬುತ್ತಿ ನಿಮ್ಮ ಕಣ್ಣ ಮುಂದ ತೂಗತಿರತೈತಿ, ಬರ್ರಿ!”

ಸಂತೆಯ ದಿನ ಸಾಹೇಬರು ಬಂದು ಘಟ್ಟದ ತಿರುವಿನಲ್ಲಿ ನಿಂತರು. ದೂರದಿಂದ ಗಾಡಿ ಕಾಣಿಸಿತು. ಎರಡೂ ಅಂಚಿಗೆ ನೆಲುವುಗಳಲ್ಲಿ ಬುಟ್ಟಿಗಳು ತೊಟ್ಟಿಲಿನಂತೆ ತೂಗುತ್ತಿದ್ದವು. ಒಳಗೆ ಒತ್ತಾಗಿ ಕುಳಿತ ಹೆಂಗಸರ ಮಾತು, ನಗೆ ಎತ್ತಿನ ಗೆಜ್ಜೆಯ ಸಪ್ಪಳವನ್ನೂ ಮೀರಿದ್ದವು. ತಿರುವಿನಲ್ಲಿ ಜಿಲಾನಸಾಬ ಎತ್ತುಗಳನ್ನು ನಿಧಾನ ಮಾಡಿದ.

“ಶಾಬಾಸ್!” ಎಂದ ಸಾಹೇಬರು ಗಾಡಿ ಹತ್ತಲು ಕಾಲು ಎತ್ತಿದರು. ಒಳಗೆ ಜಾಗವೇ ಇರಲಿಲ್ಲ. ಜಿಲಾನಸಾಬ ಹೆದರಿ ಯಾರನ್ನಾದರೂ ಇಳಿಸಲು ಹೊರಟ.

ವಿರೂಪಾಕ್ಷಪ್ಪನವರು ಅವನನ್ನು ತಡೆದರು. “ಬ್ಯಾಡ ಜಿಲಾನಾ, ಹೊಡಿ. ಸಾಹೇಬರು ಹಿಂದಿನ ಗಾಡ್ಯಾಗ ಬರತಾರ.”

ಗಾಡಿ ಕಟ್ಟೆಯ ಕಡೆಗೆ ಸಾಗಿತು. ಸಾಹೇಬರು ಬರಿದಾದ ಹಳಿಯ ಮೇಲೆ ಸ್ಟೇಷನ್ನಿನತ್ತ ನೋಡಿದರು. “ಹಿಂದಿನ ಗಾಡಿ ಎಲ್ಲಿದೆ, ವಿರೂಪಾಕ್ಷಪ್ಪ? ಇದ್ದದ್ದೇ ಒಂದು!”

“ಹೌದ್ರಿ ಸಾಹೇಬ್ರ,” ಎಂದು ಅವರು ಕೈ ಮುಗಿದರು. “ಎರಡನೇದು ತಾವು ಇನ್ನೂ ಮಂಜೂರು ಮಾಡಿಲ್ಲರಿ.”