ಒರಳೊಳಗಿನ ಕೈ

ಘಾನಾ ದೇಶದ ಕುಮಾಸಿ ಪಟ್ಟಣದ ಒಂದು ಊಟದಂಗಡಿಯಲ್ಲಿ ಹದಿನೆಂಟು ವರ್ಷಗಳಿಂದ ಬೆಡಿಯಾಕೊ ನಿಂತು ಒನಕೆ ಹಾಕುತ್ತಾನೆ. ಅವನ ಅಕ್ಕ ಅಫ್ರಾಕೊಮಾ ಕೂತು, ಎರಡು ಪೆಟ್ಟುಗಳ ನಡುವೆ ಒರಳಿಗೆ ಕೈಹಾಕಿ ಬೆಂದ ಮರಗೆಣಸಿನ ಮುದ್ದೆಯಾದ ಫುಫುವನ್ನು ಮಗುಚುತ್ತಾಳೆ. ಇಂದು ಒನಕೆ ಎರಡು ಸಲ ಒರಳಿನ ಅಂಚಿಗೆ ಬಡಿಯಿತು.

"ಏನಕ್ಕಾ, ಫುಫು ತುಂಬಾ ಗಂಟು? ನಿನ್ ತಮ್ಮ ಯಾರನ್ನ ನೋಡ್ಕೊಂಡು ಕುಟ್ಟಿದ?" ಎಂದು ಊಟಕ್ಕೆ ಕೂತಿದ್ದ ಲಾರಿ ಡ್ರೈವರ್ ನಕ್ಕ.

ಅವಳು ನಗಲಿಲ್ಲ. "ಬೆಂಚಲ್ಲಿ ಎಷ್ಟು ಜನ ಇದಾರೋ?" ಎಂದು ತಮ್ಮನನ್ನು ಕೇಳಿದಳು.

ಅವನು ಕಿವಿಗೊಟ್ಟು, "ಮೂರು ಜನ" ಎಂದ.

ಐವರಿದ್ದರು. ಇಬ್ಬರು ಮಾತಿಲ್ಲದೆ ಉಣ್ಣುತ್ತಿದ್ದರು.

"ಯಾರಿಗೂ ಹೇಳ್ಬೇಡ ಕಣಕ್ಕಾ. ಇದು ಬಿಟ್ರೆ ನಂಗೇನು ಬರುತ್ತೆ?" ಎಂದು ಪಿಸುಗುಟ್ಟಿ ಅವನು ಒನಕೆ ಎತ್ತಿದ.

ಅವಳು ಕೈಹಾಕಿದಳು. ಪ್ರತಿ ಪೆಟ್ಟಿಗೂ ಮೊದಲು "ಕೈ ತೆಗ್ದೆ, ತೆಗ್ದೆ" ಎನ್ನತೊಡಗಿದಳು. ಅಷ್ಟರಲ್ಲಿ ಬೆಂಚಿನವರು ರೇಡಿಯೊ ಜೋರು ಮಾಡಿದರು.