ಗಂಡ ಬೀಫ್ ಬಿಟ್ಟ ವರ್ಷಗಳು

ನಮ್ಮ ಮಂಗಳೂರಿನ ಕಡೆ ಕ್ಯಾಸರೋಲ್ ಅಂದರೆ ಚಪಾತಿ ಬಿಸಿಯಾಗಿರಲೆಂದು ಹಾಕಿಡುವ ಡಬ್ಬಿ. ಮದುವೆಯಲ್ಲಿ ನನಗೇ ಅಂಥವು ರಾಶಿ ಬಿದ್ದಿದ್ದವು, ಒಂದನ್ನೂ ವಿಮಾನದಲ್ಲಿ ಹೊತ್ತು ತರಲಿಲ್ಲ. ಅದೇ ಹೆಸರಿನ ಒಂದು ಪದಾರ್ಥವೂ ಉಂಟೆಂದು ಗೊತ್ತಾದದ್ದು ಮೆಲ್ಬರ್ನಿನ ಕ್ಲೇಟನ್‌ನಲ್ಲಿ, ನನ್ನ ಮೊದಲ ಮಗು ದಿನ ತುಂಬುವ ಎಷ್ಟೋ ಮೊದಲೇ ಹೋಗಿಬಿಟ್ಟ ವಾರ.

ಎರಡು ಸಾವಿರದ ನಂತರದ ಮೊದಲ ವರ್ಷಗಳು ಅವು. ನಾವು ಬಂದು ಹೆಚ್ಚು ಸಮಯ ಆಗಿರಲಿಲ್ಲ. ಆಸ್ಪತ್ರೆಗೆ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರ ಒಂದು ಸಣ್ಣ ಯೂನಿಟ್, ಅಂದರೆ ಸಾಲುಮನೆಯಲ್ಲೊಂದು, ರೆಂಟಿಗೆ ಹಿಡಿದಿದ್ದೆವು. ಆಸ್ಪತ್ರೆಯಿಂದ ಮನೆಗೆ ಬಂದವಳು ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೆ. ಗಂಡ ಅಡುಗೆಮನೆಯಲ್ಲಿ ನಿಂತಿದ್ದ. ಅಡುಗೆ ಮಾಡುತ್ತಿರಲಿಲ್ಲ, ಸುಮ್ಮನೆ ನಿಂತಿದ್ದ. ಇಬ್ಬರೂ ಏನೂ ತಿಂದಿರಲಿಲ್ಲ.

ಆಗ ಬಾಗಿಲು ತಟ್ಟಿದವಳು ಪಕ್ಕದ ಯೂನಿಟ್ಟಿನ ಬಿಳಿ ಅಜ್ಜಿ. ಅದುವರೆಗೆ ನಮ್ಮ ನಡುವೆ "ಹಲೋ" ಬಿಟ್ಟರೆ ಬೇರೆ ಮಾತಿರಲಿಲ್ಲ. ಕೈಯಲ್ಲಿ ಟವೆಲ್ ಸುತ್ತಿದ ಭಾರದ ಕಬ್ಬಿಣದ ಪಾತ್ರೆ. "ಕ್ಯಾಸರೋಲ್. ಬೀಫ್ ಮತ್ತು ನೀರುಳ್ಳಿ. ನೀವು ತಿನ್ನುತ್ತೀರಾ ಇಲ್ಲವಾ ಗೊತ್ತಿಲ್ಲ" ಅಂದಳು ಇಂಗ್ಲಿಷಿನಲ್ಲಿ. ನಾವು ಕ್ಯಾಥೊಲಿಕರು, ತಿನ್ನುತ್ತೇವೆ ಎಂದು ಗಂಡ ಹೇಳಿದ. "ಹಾಗಾದರೆ ತಿನ್ನಿ. ಪಾತ್ರೆ ಯಾವಾಗ ಬೇಕಾದರೂ ಕೊಡಿ" ಎಂದು ಹೋಗಿಯೇಬಿಟ್ಟಳು. ಏನಾಯಿತು, ಹೇಗಾಯಿತು ಎಂದು ಒಂದು ಮಾತು ಕೇಳಲಿಲ್ಲ. ಅಷ್ಟಕ್ಕೇ ಅವಳ ಕಾಲು ಹಿಡಿಯಬೇಕು ಅನ್ನಿಸಿತು ನನಗೆ.

ಮುಚ್ಚಳ ತೆಗೆದು ನೋಡಿದರೆ ಕೆಂಪು ಮೆಣಸಿಲ್ಲ, ತೆಂಗಿನಕಾಯಿ ಇಲ್ಲ, ಹುಳಿ ಇಲ್ಲ. ಕಂದು ಬಣ್ಣದ ದಪ್ಪ ರಸ, ಅದರಲ್ಲಿ ಕರಗಿಹೋದ ನೀರುಳ್ಳಿ. ಎಂಥ ಸಾವಿನ ಪದಾರ್ಥ ಇದು ಎಂದು ಮನಸ್ಸಿನಲ್ಲೇ ಬೈದು ಒಂದು ಚಮಚ ಬಾಯಿಗಿಟ್ಟೆ. ಮಾಂಸವನ್ನು ಅಗಿಯುವ ಕೆಲಸವೇ ಇರಲಿಲ್ಲ. ನಾಲಿಗೆಗೆ ಖಾರವಿಲ್ಲ, ಹೊಟ್ಟೆಗೆ ಭಾರವಿಲ್ಲ, ಬಿಸಿ ಮಾತ್ರ ಇತ್ತು. ಗಂಡ ಎರಡು ಸಲ ಬಡಿಸಿಕೊಂಡು, ಬ್ರೆಡ್ಡಿನಲ್ಲಿ ತಟ್ಟೆ ಒರೆಸಿ ತಿಂದು, ಆಮೇಲೆ ತಟ್ಟೆಯ ಮುಂದೆಯೇ ಕುಳಿತು ಬಿಕ್ಕಿ ಬಿಕ್ಕಿ ಅತ್ತ. ಅವನು ಅತ್ತದ್ದು ಅದೇ ಮೊದಲು. ಸದ್ಯ, ಅತ್ತನಲ್ಲ ಎಂದು ನನಗೆ ಸಮಾಧಾನವಾಯಿತು.

ಪಾತ್ರೆ ಕೊಡಲು ಹೋದಾಗ ಅಜ್ಜಿ ಮಾಡುವ ಕ್ರಮ ಹೇಳಿಕೊಟ್ಟಳು. ಒಳ್ಳೆಯ ಮಾಂಸ ಬೇಡ, ನರ ಇರುವ ಅಗ್ಗದ ತುಂಡೇ ಬೇಕು. ಮೈದಾದಲ್ಲಿ ಹೊರಳಿಸಿ, ಸ್ವಲ್ಪ ಸ್ವಲ್ಪವೇ ಎಣ್ಣೆಯಲ್ಲಿ ಕೆಂಪಗೆ ಹುರಿಯಬೇಕು. ಒಟ್ಟಿಗೆ ಸುರಿದರೆ ನೀರು ಬಿಟ್ಟು ಹಾಳಾಗುತ್ತದೆ. ಮಾಂಸದಷ್ಟೇ ನೀರುಳ್ಳಿ, ಅದರಲ್ಲಿ ಕಂಜೂಸಿ ಮಾಡಬಾರದು. ಅದೇ ಪಾತ್ರೆಯಲ್ಲಿ ನೀರುಳ್ಳಿ ಬಾಡಿಸಿ, ಮಾಂಸ ಹಾಕಿ, ಮುಳುಗುವಷ್ಟು ನೀರು, ಉಪ್ಪು, ಕಾಳುಮೆಣಸು, ಒಂದು ಪಲಾವ್ ಎಲೆ. ಮುಚ್ಚಿ ಸಣ್ಣ ಉರಿಯ ಓವನ್ನಿನಲ್ಲಿ ಇಟ್ಟು ಅರ್ಧ ದಿನ ಮರೆತುಬಿಡಬೇಕು. "ನಡುವೆ ತೆಗೆದು ತೆಗೆದು ನೋಡಬೇಡ" ಅಂದಳು. ನನ್ನ ಗಂಡನಿಗೆ ಅದು ಎಷ್ಟು ಹಿಡಿಸಿತೆಂದರೆ ಆ ಚಳಿಗಾಲ ಪೂರ್ತಿ ಭಾನುವಾರದ ಮಧ್ಯಾಹ್ನ ನಮ್ಮಲ್ಲಿ ಅದೇ. ಊರಿನಲ್ಲಿ ಅವನ ತಾಯಿ ಮಾಡುತ್ತಿದ್ದ ಖಾರದ ಬೀಫನ್ನೂ ಮರೆತವನ ಹಾಗೆ ತಿನ್ನುತ್ತಿದ್ದ.

ಮುಂದಿನ ವರ್ಷ ಅವನಿಗೆ ಸಿಡ್ನಿಯಲ್ಲಿ ಕೆಲಸ ಸಿಕ್ಕಿತು. ವಾಹನಗಳ ಬಿಡಿಭಾಗದ ಗೋದಾಮು. ರೌಸ್ ಹಿಲ್‌ನಲ್ಲಿ ಮನೆ ಹಿಡಿದೆವು. ಹೊಸ ಮನೆಯ ಮೊದಲ ಭಾನುವಾರ ನಾನು ಉತ್ಸಾಹದಲ್ಲಿ ಬೀಫ್ ಮಾಡಿ ಬಡಿಸಿದರೆ ಅವನು ತಟ್ಟೆ ಪಕ್ಕಕ್ಕೆ ಸರಿಸಿ, "ಅಸಿಡಿಟಿ" ಅಂದ. ಮುಂದಿನ ವಾರವೂ ಅಸಿಡಿಟಿ. ಅದರ ಮುಂದಿನ ವಾರ ನನ್ನ ಮೈ ಉರಿದುಹೋಯಿತು.

"ಎಂಥ ಅಸಿಡಿಟಿ ಮಾರಾಯ ನಿಂದು? ಚಿಕನ್‌ಗೆ ಇಲ್ಲ, ಮೀನಿಗೆ ಇಲ್ಲ, ನಾನು ಬೀಫ್ ಮಾಡಿದ ದಿನ ಮಾತ್ರ ಬರ್ತದಾ?"

ಅವನು ತಲೆ ತಗ್ಗಿಸಿಕೊಂಡು ಹೇಳಿದ. ಕ್ಲೇಟನ್ ಬಿಡುವ ಮೊದಲು ಫೋನಿನಲ್ಲಿ ತಾಯಿಯ ಹತ್ತಿರ ಮಾತಾಡಿದ್ದನಂತೆ. ಮಾತೆ ಮರಿಯಮ್ಮನಿಗೆ ಹರಕೆ ಹೇಳಿಕೊಂಡಿದ್ದನಂತೆ. ನಮ್ಮ ಮನೆಗೆ ಒಂದು ಮಗು ಬರುವವರೆಗೆ ಬೀಫ್ ಮುಟ್ಟುವುದಿಲ್ಲ ಎಂದು.

"ಬೀಫೇ ಆಗಬೇಕಿತ್ತಾ? ಚಿಕನ್ ಬಿಡಬಹುದಿತ್ತಲ್ಲ?"

"ಚಿಕನ್ ನನಗೆ ಅಷ್ಟು ಇಷ್ಟ ಇಲ್ಲ. ಇಷ್ಟ ಇಲ್ಲದ್ದು ಬಿಟ್ಟರೆ ಅದು ಹರಕೆಯಾ?"

ನಗು ಬಂತು. ಆಮೇಲೆ ಅಡುಗೆಮನೆಗೆ ಹೋಗಿ ಅತ್ತೆ. ನಮ್ಮಲ್ಲಿ ಇದು ಹೊಸತಲ್ಲ. ಮಗನಿಗೆ ಕೆಲಸ ಸಿಗುವವರೆಗೆ ಮೀನು ಬಿಟ್ಟವರು, ಗಂಡನ ಆಪರೇಷನ್ ಆಗುವವರೆಗೆ ಚಹಾ ಬಿಟ್ಟವರು ನಮ್ಮ ಕುಟುಂಬದಲ್ಲೇ ಇದ್ದಾರೆ. ಹಾಗಾಗಿ ನಾನೂ ಬೀಫ್ ತರುವುದನ್ನು ನಿಲ್ಲಿಸಿದೆ. ಎದುರು ಕುಳಿತು ಒಬ್ಬಳೇ ತಿನ್ನುವಷ್ಟು ಕಲ್ಲು ಮನಸ್ಸು ನನ್ನದಲ್ಲ.

ಎರಡನೆಯ ಸಲ ಬಸುರಿಯಾದಾಗ ನಾವು ಯಾರಿಗೂ ಹೇಳಲಿಲ್ಲ. ಮೊದಲ ಮಗು ಹೋದ ತಿಂಗಳು ದಾಟಿತು, ಅದರ ಮುಂದಿನದೂ ಸುರುವಾಯಿತು. ಆಗ ಅವನ ಬಾಯಿ ಬಿಚ್ಚಿತು. "ಬಾಪ್ತಿಸ್ಮದ ದಿನ ಆ ಅಜ್ಜಿಯ ಬೀಫೇ ಮಾಡುವ. ದೊಡ್ಡ ಪಾತ್ರೆ ತರ್ತೇನೆ. ಆದ್ರೆ ಊರಿನವರು ಬಂದು, ಇದೆಂಥದು ಮೆಣಸಿಲ್ಲದ್ದು ಅಂತ ನಗ್ಲಿಕ್ಕುಂಟು" ಅನ್ನುತ್ತಿದ್ದ. "ನಗ್ಲಿ, ಅವರಿಗೆ ಉಪ್ಪಿನಕಾಯಿ ಇಡುವ" ಅನ್ನುತ್ತಿದ್ದೆ ನಾನು. ಆ ಕೆಲವು ವಾರ ನಾವು ಎಷ್ಟು ಸಂತೋಷವಾಗಿದ್ದೆವು.

ಅವಳೂ ಉಳಿಯಲಿಲ್ಲ. ಹೆಣ್ಣು ಮಗು. ನರ್ಸು ಬಟ್ಟೆಯಲ್ಲಿ ಸುತ್ತಿ ತಂದು ಕೊಟ್ಟಳು. ಅಂಗೈಗಿಂತ ಸ್ವಲ್ಪವೇ ದೊಡ್ಡದು. ಹುಬ್ಬು ಅವನದೇ. ಅವನು ಒಳಗೆ ಬರಲಿಲ್ಲ, ಬಾಗಿಲ ಹೊರಗೆ ಗೋಡೆ ಹಿಡಿದು ನಿಂತಿದ್ದ.

ಡಾಕ್ಟರು ವಿವರಿಸಿ ಹೇಳಿದರು. ನನ್ನ ಗರ್ಭಕೋಶದ ಬಾಯಿ ಸಡಿಲ, ಭಾರ ತಾಳದೆ ಬೇಗ ತೆರೆದುಕೊಳ್ಳುತ್ತದೆ. ಮುಂದಿನ ಸಲ ಮೊದಲೇ ಒಂದು ಹೊಲಿಗೆ ಹಾಕಿದರೆ ನಿಲ್ಲಬಹುದು. ಖಂಡಿತ ಎಂದು ಹೇಳಲಿಲ್ಲ, ನಿಲ್ಲಬಹುದು ಅಂದರು. ನನಗೆ ಅಷ್ಟು ಸಾಕಿತ್ತು. ಊಟ ಮಾಡುವಾಗ, ಬಟ್ಟೆ ಒಣಗಿಸುವಾಗ, ಸ್ನಾನ ಮಾಡುವಾಗ ಆ ಹೊಲಿಗೆಯದೇ ಜಪ ನನ್ನದು.

ಅವನು ಕೆಲಸಕ್ಕೆ ವಾಪಸು ಹೋದ. ಅವರ ಗೋದಾಮಿನ ಅಂಗಳಕ್ಕೆ ದಿನಾ ಒಂದು ತಿಂಡಿ ವ್ಯಾನ್ ಬರುತ್ತಿತ್ತು. ಬಿಸಿ ಚಿಪ್ಸ್, ಅದರ ಮೇಲೆ ಸುರಿದ ಕಂದು ಗ್ರೇವಿ. ಬೀಫ್ ಬಿಟ್ಟವನಿಗೆ ಆಲೂಗಡ್ಡೆಯ ಚಿಪ್ಸ್‌ಗಿಂತ ಸುರಕ್ಷಿತ ಊಟ ಯಾವುದುಂಟು? ಸಿಡ್ನಿಗೆ ಬಂದಂದಿನಿಂದ ಅವನ ಮಧ್ಯಾಹ್ನದ ಊಟ ಹೆಚ್ಚಾಗಿ ಅದೇ ಆಗಿತ್ತು.

ಆಗಷ್ಟೇ ಅಲ್ಲಿಗೆ ಉಡುಪಿ ಕಡೆಯ ಒಬ್ಬ ಹುಡುಗ ಕೆಲಸಕ್ಕೆ ಸೇರಿದ್ದ. ತುಳು ಮಾತಾಡುವ ಹಿಂದೂ ಮನೆಯವನು. ಅವನು ವ್ಯಾನಿನ ಹೆಂಗಸಿನ ಹತ್ತಿರ ಕೇಳಿದನಂತೆ, ಈ ಗ್ರೇವಿಯಲ್ಲಿ ಏನುಂಟು ಎಂದು. ಆಕೆ, ಇದೆಂಥ ಪ್ರಶ್ನೆ ಅನ್ನುವ ಹಾಗೆ, "ಬೀಫ್" ಅಂದಳಂತೆ. ಹುಡುಗ ಬೇಡವೆಂದು ಬಾಳೆಹಣ್ಣು ತಗೊಂಡು ಹೋದ. ಅವನ ಹಿಂದೆಯೇ ಸಾಲಿನಲ್ಲಿ ನಿಂತಿದ್ದವನು ನನ್ನ ಗಂಡ.

ಹುಡುಗನ ಮನೆಯಲ್ಲಿ ಚಿಕ್ಕಂದಿನಿಂದ ಕೇಳಿ ತಿನ್ನುವ ಅಭ್ಯಾಸ. ನಮ್ಮ ಮನೆಗಳಲ್ಲಿ ಆ ಅಭ್ಯಾಸವೇ ಇಲ್ಲ. ಶುಕ್ರವಾರ ಮಾಂಸ ಬಿಡುವವರಿಗೂ ಕಣ್ಣಿಗೆ ಕಾಣುವ ಮಾಂಸವೇ ಮಾಂಸ. ರಸದಲ್ಲಿ ಏನು ಕುದಿಸಿದ್ದಾರೆ ಎಂದು ನನ್ನ ಗಂಡ ಹುಟ್ಟಿದಂದಿನಿಂದ ಯಾರನ್ನೂ ಕೇಳಿದವನಲ್ಲ, ಕೇಳುವ ಪ್ರಸಂಗ ಬಂದದ್ದೂ ಇಲ್ಲ.

ಅವತ್ತು ಅರ್ಧ ದಿನಕ್ಕೇ ಮನೆಗೆ ಬಂದ. ಶೂ ಬಿಚ್ಚಲಿಲ್ಲ. "ನಾನೇ ಕೊಂದದ್ದು" ಅಂದ. "ಅವಳು ಹೊಟ್ಟೆಯಲ್ಲಿರುವಾಗ ದಿನಾ ತಿಂದಿದ್ದೇನೆ. ದಿನಾ."

ವಿಷಯ ಏನೆಂದು ಬಿಡಿಸಿ ಹೇಳಿಸಲು ನನಗೆ ಸಾಕುಬೇಕಾಯಿತು. ಕೇಳಿದ ಮೇಲೆ ಬಾಯಿಗೆ ಬಂದ ಹಾಗೆ ಬೈದೆ. "ತಲೆ ಸರಿ ಉಂಟಾ ನಿಂಗೆ? ಮಾತೆಗೆ ಬೇರೆ ಕೆಲಸ ಇಲ್ವಾ? ನಿನ್ನ ಚಿಪ್ಸ್ ಮೇಲೆ ಕಣ್ಣಿಟ್ಟು ಕೂತಿರ್ತಾಳಾ? ಡಾಕ್ಟ್ರು ಏನು ಹೇಳಿದ್ರು? ನನ್ನ ಗರ್ಭಕೋಶ ಸಡಿಲ. ನಂದು! ಗ್ರೇವಿಗೂ ಅದಕ್ಕೂ ಎಂಥ ಸಂಬಂಧ?"

ಅವನು ಕಿವಿಗೇ ಹಾಕಿಕೊಳ್ಳಲಿಲ್ಲ. ಕೊನೆಗೆ ಕೈ ಹಿಡಿದು ಇಗರ್ಜಿಗೆ ಎಳೆದುಕೊಂಡು ಹೋದೆ. ಫಾದರ್ ಒಳ್ಳೆಯವರು, ಐರಿಷ್ ಮುದುಕ. ಗೊತ್ತಿಲ್ಲದೆ ತಿಂದದ್ದು ಪಾಪವೇ ಅಲ್ಲ, ದೇವರು ಹಾಗೆ ಲೆಕ್ಕ ಹಿಡಿಯುವವನಲ್ಲ ಅಂದರು. ನನ್ನ ಗಂಡ ವಿನಯದಿಂದ ಕೇಳಿದ, "ಪಾಪ ಅಲ್ಲ, ಸರಿ ಫಾದರ್. ಆದರೆ ಹರಕೆ ಉಳಿಯಿತಾ, ಮುರಿಯಿತಾ?" ಫಾದರ್ ಅವನ ಭುಜದ ಮೇಲೆ ಕೈಯಿಟ್ಟು ಪ್ರಾರ್ಥನೆ ಹೇಳಿದರು. ಅವರಿಗೆ ನಮ್ಮ ಕಡೆಯ ಹರಕೆ ಅರ್ಥವಾಗಲಿಲ್ಲವೋ, ಅರ್ಥವಾಗಿಯೇ ಹಾಗೆ ಮಾಡಿದರೋ ಗೊತ್ತಿಲ್ಲ.

ಅಲ್ಲಿಂದ ಮೇಲೆ ಅವನು ಹರಕೆಯನ್ನು ಮತ್ತೆ ಮೊದಲಿನಿಂದ ಹಿಡಿದ. ಈ ಸಲ ಹುಚ್ಚು ಹಿಡಿದವನ ಹಾಗೆ. ಅಂಗಡಿಯಲ್ಲಿ ಬಿಸ್ಕತ್ತಿನ ಪೊಟ್ಟಣವನ್ನೂ ತಿರುಗಿಸಿ ಓದುತ್ತಿದ್ದ. ಸೂಪಿನ ಪುಡಿ, ಸಾಸ್, ಕಂದು ಬಣ್ಣದ್ದು ಯಾವುದೂ ಮನೆಗೆ ಬರುವಂತಿಲ್ಲ. ಕೆಲಸಕ್ಕೆ ಗಂಜಿ ಉಪ್ಪಿನಕಾಯಿ ಕಟ್ಟಿಕೊಂಡು ಹೋಗುತ್ತಿದ್ದ. ನನ್ನ ಹತ್ತಿರ ಬರುವುದನ್ನೂ ಬಿಟ್ಟ. ಹೊಲಿಗೆಯ ಮಾತೆತ್ತಿದರೆ "ನೋಡುವ" ಅನ್ನುತ್ತಿದ್ದ, ಮಗ್ಗುಲು ಬದಲಿಸುತ್ತಿದ್ದ. ಮಗುವಿಗಾಗಿ ಹೊತ್ತ ಹರಕೆ ಅಂತೆ! ಮಗು ಆಕಾಶದಿಂದ ಉದುರುತ್ತದಾ?

ಅದಕ್ಕೇ ನನಗೆ ಹಠ ಹಿಡಿಯಿತು, ಇವನಿಗೆ ಹೇಗಾದರೂ ಬೀಫ್ ತಿನ್ನಿಸಬೇಕು. ಒಂದು ತುತ್ತು ತಿಂದು, ಆಕಾಶ ತಲೆ ಮೇಲೆ ಬೀಳದ್ದನ್ನು ನೋಡಿದರೆ ಅವನಿಗೆ ಹಿಡಿದ ಭೂತ ಬಿಡುತ್ತದೆ, ಮತ್ತೆ ಮನುಷ್ಯನಾಗುತ್ತಾನೆ, ಇಬ್ಬರೂ ಹೋಗಿ ಡಾಕ್ಟರನ್ನು ನೋಡಬಹುದು. "ಒಂದು ದಿನ ತಿನ್ನು ಮಾರಾಯ. ನನಗೋಸ್ಕರ ತಿನ್ನು" ಎಂದು ಎಷ್ಟು ಬೇಡಿಕೊಂಡಿದ್ದೇನೋ. ಜಗಳ ಮಾಡಿದ್ದೇನೆ. ತಟ್ಟೆ ಒಡೆದಿದ್ದೇನೆ. ಅವನು ಜಪ್ಪಯ್ಯ ಅನ್ನಲಿಲ್ಲ. ಹೀಗೇ ಒಂದು ವರ್ಷ ಕಳೆದು ಇನ್ನೊಂದು ಚಳಿಗಾಲ ಬಂತು.

ಒಂದು ಭಾನುವಾರ ಇಗರ್ಜಿಯಲ್ಲಿ ಪೂಜೆ ಮುಗಿಸಿ ಬರುವಾಗ ಅವನು ಕಾರು ಅಂಗಡಿಗಳ ಕಡೆ ತಿರುಗಿಸಿದ. ಹಾಲು ತರಲಿಕ್ಕೆ ಇರಬೇಕೆಂದು ನಾನು ಕಾರಿನಲ್ಲೇ ಕುಳಿತಿದ್ದೆ. ವಾಪಸು ಬಂದು ನನ್ನ ಮಡಿಲಿನಲ್ಲಿ ಒಂದು ತಣ್ಣನೆಯ ಪೊಟ್ಟಣ ಇಟ್ಟ. ಬೀಫ್. ನರ ಇರುವ ತುಂಡು, ನೋಡಿಯೇ ಆರಿಸಿ ತಂದಿದ್ದ.

"ಅಜ್ಜಿಯದ್ದು ಮಾಡು" ಅಂದ.

ಅಯ್ಯೋ ದೇವರೇ, ಆಗ ನನಗಾದ ಸಂತೋಷ! ಮನೆಯವರೆಗೂ ಅವನ ತೋಳು ಹಿಡಿದುಕೊಂಡೇ ಕುಳಿತಿದ್ದೆ. ಬಿಟ್ಟಿತು ಭೂತ ಅಂದುಕೊಂಡೆ. ಮನೆಗೆ ಬಂದವಳೇ ಬಟ್ಟೆಯನ್ನೂ ಬದಲಿಸದೆ ನೀರುಳ್ಳಿ ಸುಲಿಯಲು ಕುಳಿತೆ. ಅವನು ಸಿಂಕಿನ ಹತ್ತಿರ ಮಾಂಸ ತೊಳೆಯುತ್ತಿದ್ದ. ಬಾಯಿಗೆ ಬಂದದ್ದೆಲ್ಲ ಮಾತಾಡಿದೆ.

"ನಾಳೆಯೇ ಫೋನ್ ಮಾಡ್ತೇನೆ. ಅದೇ ಡಾಕ್ಟ್ರು ಬೇಕಾ, ಬೇರೆಯವರನ್ನು ಕೇಳುವಾ? ಹೊಲಿಗೆಗೆ ಮೊದಲೇ ಹೇಳಿ ಇಡ್ಬೇಕಂತೆ."

"ಫೋನ್ ಬೇಡ" ಅಂದ, ತಿರುಗಿ ನೋಡದೆ.

"ಯಾಕೆ?"

"ನನ್ನಿಂದ ಇನ್ನೊಂದು ಸಲ ಆಗುವುದಿಲ್ಲ ಮಾರಾಯ್ತಿ. ಆ ಬಾಗಿಲ ಹೊರಗೆ ನಿಲ್ಲಲಿಕ್ಕೆ ಆಗುವುದಿಲ್ಲ. ತುಂಬ ಯೋಚಿಸಿದೆ. ಇನ್ನು ಬೇಡ."

"ಮತ್ತೆ ಇದು?" ಎಂದು ಮಾಂಸ ತೋರಿಸಿದೆ.

"ಮಗು ಬೇಡ ಅಂದ ಮೇಲೆ ಹರಕೆ ಯಾಕೆ? ಇವತ್ತು ಪೂಜೆಯಲ್ಲಿ ಮಾತೆಗೆ ಹೇಳಿ ಬಂದೆ."

ನನ್ನ ಕೈಯಲ್ಲಿ ಚೂರಿ ಇತ್ತು. ಬೈಯಬೇಕಿತ್ತು, ಕಿರುಚಬೇಕಿತ್ತು. ವರ್ಷವಿಡೀ ತಿನ್ನು ತಿನ್ನು ಎಂದು ಪ್ರಾಣ ತಿಂದವಳು ನಾನೇ. ಅವನು ಗಂಜಿ ಕಟ್ಟಿಕೊಂಡು ಹೋಗುತ್ತಿದ್ದ ದಿನಗಳಲ್ಲಿ, ಬಿಸ್ಕತ್ತಿನ ಪೊಟ್ಟಣ ತಿರುಗಿಸಿ ಓದುತ್ತಿದ್ದ ದಿನಗಳಲ್ಲಿ, ಅವನೂ ನನ್ನಷ್ಟೇ ಆಸೆಯಿಂದ ಕಾಯುತ್ತಿದ್ದ ಎಂದು ನನಗೆ ಹೊಳೆದಿರಲಿಲ್ಲ.

ನೀರುಳ್ಳಿ ಕೊಯ್ದೆ. ಮಾಂಸ ಹುರಿದೆ. ಪಾತ್ರೆ ಓವನ್ನಿನಲ್ಲಿ ಇಟ್ಟು ಅದರ ಮುಂದೆಯೇ ಕುಳಿತೆ. ಬೇಯದಿರಲಿ ದೇವರೇ, ಸೀದು ಹೋಗಲಿ, ಕರೆಂಟು ಹೋಗಲಿ ಎಂದು ಬೇಡಿಕೊಂಡೆ. ಸಿಡ್ನಿಯಲ್ಲಿ ಕರೆಂಟು ಎಲ್ಲಿ ಹೋಗುತ್ತದೆ? ಚೆನ್ನಾಗಿಯೇ ಬೆಂದಿತು. ಮನೆಯೆಲ್ಲ ಘಮಘಮ. ಇನ್ನೂ ಹಗಲಿನ ಬೆಳಕು ಇರುವಾಗಲೇ ಮೇಜಿಗೆ ಬಡಿಸಿದೆ.

ಅವನು ಶಿಲುಬೆಯ ಗುರುತು ಮಾಡಿ ಮೊದಲ ತುತ್ತು ಬಾಯಿಗಿಟ್ಟ. ನಾನು ಅವನ ಬಾಯನ್ನೇ ನೋಡುತ್ತಿದ್ದೆ. ಉಗುಳಲಿ, ಎದ್ದು ಹೋಗಲಿ, ಆಗುವುದಿಲ್ಲ ನನ್ನಿಂದ ಎಂದು ತಟ್ಟೆ ಸರಿಸಲಿ. ಅವನು ನಿಧಾನ ನುಂಗಿದ.

"ಲಾಯ್ಕಾಗಿದೆ" ಅಂದ. "ನೀನೂ ತಿನ್ನು."

ತಿಂದೆ. ಅವನು ತಟ್ಟೆ ಖಾಲಿ ಮಾಡಿ ಮತ್ತೆ ನನ್ನ ಕಡೆ ಚಾಚಿದ. ಇನ್ನೊಂದು ಸೌಟು ಬಡಿಸಿದೆ. ನಮ್ಮ ಮನೆಗೆ ಇನ್ನು ಯಾರೂ ಬರುವುದಿಲ್ಲ ಎಂದು ಬಡಿಸುವಾಗಲೇ ನನಗೆ ಗೊತ್ತಿತ್ತು.