ನೀಲಿ ನಲ್ಲಿಯ ಬಿಸಿನೀರು

ಹುಡುಗಿಯದು ಹಟವೂ ಅಲ್ಲ, ಸೋಮಾರಿತನವೂ ಅಲ್ಲ. ದೊಡ್ಡವರು ಹೇಳಿದ ಮಾತು ಕೇಳಿದ್ದಕ್ಕೆ ಅವಳು ಹಲ್ಲು ತಿಕ್ಕಲಿಲ್ಲ, ಅಷ್ಟೇ.

ಆ ವರ್ಷ ಸೆಕೆಗಾಲದಲ್ಲಿ ನಾನು ದುಬೈಯ ಅಲ್ ನಹ್ದಾದಲ್ಲಿದ್ದ ಮಗನ ಫ್ಲ್ಯಾಟಿಗೆ ಹೋದೆ. ಮೊಮ್ಮಗಳು ಆಗಷ್ಟೇ ಒಂದನೇ ಕ್ಲಾಸು. ಅವಳ ದವಡೆಯ ಹಲ್ಲೊಂದು ಹುಳುಕಾಗಿ ಡಾಕ್ಟರು ಸಿಮೆಂಟ್ ತುಂಬಿದ್ದರು. ಸರಿಯಾಗಿ ತಿಕ್ಕದಿದ್ದರೆ ಪಕ್ಕದ್ದನ್ನೂ ಕೊರೆಯಬೇಕಾಗುತ್ತದೆ ಎಂದಿದ್ದರಂತೆ. ಕೊರೆಯುವ ಮಿಷನ್ನಿನ ಸುದ್ದಿ ಎತ್ತಿದರೆ ಮಗು ಸೋಫಾದ ಹಿಂದೆ ಹೋಗಿ ಕೂರುತ್ತಿತ್ತು. ಆದರೂ ಬ್ರಶ್ ಹಿಡಿಯುತ್ತಿರಲಿಲ್ಲ. ಸೊಸೆ ಸ್ಟ್ರಾಬೆರಿ ಪೇಸ್ಟ್ ತಂದಳು, ಬಬಲ್‌ಗಮ್ ಪೇಸ್ಟ್ ತಂದಳು. ಹುಡುಗಿ ಎರಡನ್ನೂ ನೆಕ್ಕಿ ಮುಗಿಸಿದಳು.

"ನೀರು ಬಿಸಿ ಅಂತ ಸುಳ್ಳು ಹೇಳ್ತಾಳೆ ಇವಳು, ಅಮ್ಮ," ಎಂದ ಮಗ. "ನಾನೇ ನಲ್ಲಿಗೆ ಕೈ ಒಡ್ಡಿ ನೋಡಿದ್ದೇನೆ. ತಣ್ಣಗೆ ಉಂಟು."

"ನಿನ್ನ ಮಗಳಲ್ವಾ. ಸುಳ್ಳು ಕಲಿಯಲಿಕ್ಕೆ ಬೇರೆ ಟ್ಯೂಷನ್ ಬೇಕಾ?" ಎಂದೆ.

ಅವತ್ತು ಸಂಜೆ ನಾನೇ ಅವಳ ರಟ್ಟೆ ಹಿಡಿದು ಬೇಸಿನ್ನಿನ ಮುಂದೆ ನಿಲ್ಲಿಸಿದೆ. ನೀಲಿ ಚುಕ್ಕೆಯ ನಲ್ಲಿ ತಿರುಗಿಸಿ ಬೊಗಸೆ ಒಡ್ಡಿದೆ. ಚಹಾಕ್ಕೆ ಇಟ್ಟ ನೀರು ಅದು. ಆಗ ನನ್ನ ಬಾಯಿಂದ ಬಂದ ತುಳು ಮಾತನ್ನು ಇಲ್ಲಿ ಬರೆಯುವ ಹಾಗಿಲ್ಲ. ಮಗು ಮಾತ್ರ "ಇನ್ನೊಮ್ಮೆ ಹೇಳಿ ಅಜ್ಜಿ" ಎಂದಿತು.

"ಸುಮ್ಮನಿರು. ಆ ಕೆಂಪು ಚುಕ್ಕೆಯದ್ದು ತಿರುಗಿಸು, ನೋಡುವ."

"ನೋ ಅಜ್ಜಿ. ರೆಡ್ ಮುಟ್ಟಬಾರದು. ಡ್ಯಾಡಿ ಸೇಡ್. ಕೈ ಸುಡ್ತದೆ."

ಮಗನನ್ನು ಕರೆದೆ. ಬಂದವನ ಕೈ ನೇರ ಕೆಂಪು ನಲ್ಲಿಗೇ ಹೋಯಿತು. "ನೋಡು, ತಣ್ಣಗಿಲ್ವಾ?"

"ನೀಲಿಯದ್ದು ತಿರುಗಿಸು ಮಾರಾಯ."

"ಅದು ಬಿಸಿ ಅಲ್ವಾ ಅಮ್ಮ," ಎಂದ. ಹೇಳಿದ ಮೇಲೆ ಅವನ ಮಾತು ಅವನಿಗೇ ಕೇಳಿಸಿತು.

"ಐ ಟೋಲ್ಡ್ ಯು," ಎಂದಳು ಹುಡುಗಿ.

ಆ ಊರಿನಲ್ಲಿ ಬೇಸಿಗೆ ಬಂದರೆ ತಾರಸಿಯ ಟ್ಯಾಂಕಿನ ನೀರು ಕಾದು, ತಣ್ಣೀರಿನ ನಲ್ಲಿಯಲ್ಲಿ ಸುಡುನೀರು ಬರುತ್ತದೆ. ಅದಕ್ಕೆ ಜನ ಗೀಸರಿನ ಸ್ವಿಚ್ಚು ಆರಿಸಿಬಿಡುತ್ತಾರೆ. ಅದರೊಳಗೆ ನಿಂತ ನೀರು ಮನೆಯ ಏಸಿಗೆ ತಣಿದು ಕೆಂಪು ನಲ್ಲಿಯಲ್ಲಿ ಬರುತ್ತದೆ. ಗಂಡ ಹೆಂಡತಿ ಇಬ್ಬರ ಕೈಗೂ ಇದು ರೂಢಿ. ಚಳಿಗಾಲದಲ್ಲಿ ಮಗಳಿಗೆ ಕಲಿಸಿದ ಪಾಠವನ್ನು ಬದಲಿಸಬೇಕೆಂದು ಮಾತ್ರ ಇಬ್ಬರಿಗೂ ಹೊಳೆದಿರಲಿಲ್ಲ. ಪಾಪದ ಹುಡುಗಿ ಆಜ್ಞೆ ಪಾಲಿಸಿ ಸುಳ್ಳಿ ಅನ್ನಿಸಿಕೊಂಡಳು.

"ಸಾರಿ ಪುಟ್ಟಿ" ಎಂದು ಮಗ ಚಾಕಲೇಟು ತೆಗೆದ. ನಾನು ಕಸಿದು ಕಪಾಟಿಗೆ ಹಾಕಿದೆ.

ಮರುದಿನ ಬೆಳಿಗ್ಗೆ, ಅವನು ಆಫೀಸಿಗೆ ಹೊರಡುವ ಮೊದಲು, ಅಪ್ಪ ಮಗಳಿಬ್ಬರನ್ನೂ ಬೇಸಿನ್ನಿನ ಮುಂದೆ ಅಕ್ಕಪಕ್ಕ ನಿಲ್ಲಿಸಿದೆ. ಅವಳ ಮಗ್ಗಿಗೆ ಕೆಂಪು ನಲ್ಲಿಯ ನೀರು, ಅವನ ಮಗ್ಗಿಗೆ ನೀಲಿಯದ್ದು ತುಂಬಿಸಿ, ಇಬ್ಬರ ಕೈಗೂ ಬ್ರಶ್ ಕೊಟ್ಟು, ಬಾಗಿಲಿಗೆ ಅಡ್ಡ ನಿಂತೆ.